ಕಾದಿದೆ

ಮೂರು ದಿನದಿಂದ ಗಾಳಿ ಸತ್ತಿದೆ.
ಯೂಟ್ಲಂಡಿನ ಪಡುವಣ ದಡದಲ್ಲಿ ಇದು ಸುದ್ದಿ.
ಬೇಕರಿಯ ಸಾಲಿನಲ್ಲಿ ಜನ ದನಿ ತಗ್ಗಿಸಿ ಅದನ್ನೇ ಆಡುತ್ತಾರೆ,
ಸತ್ತದ್ದು ಊರಿನ ಹಿರಿಯನೇನೋ ಎಂಬಂತೆ.
ಬಯಲಿನುದ್ದಕ್ಕೂ ಬಿಳಿಯ ರಾಟೆಗಳು ರೆಕ್ಕೆ ಇಳಿಬಿಟ್ಟು ನಿಂತಿವೆ;
ಒಂದರ ನೆತ್ತಿಯ ಮೇಲೆ ಕಾಗೆ.

ಊರಾಚೆ, ಬೀಟ್‌ಗೆಡ್ಡೆಯ ಹೊಲಕ್ಕೆ ಬೆನ್ನು ಕೊಟ್ಟು
ಇಟ್ಟಿಗೆಯ ಒಂದು ಕಟ್ಟಡ. ಶಾಲೆಯೆಂದುಕೊಳ್ಳಬಹುದು,
ಪಕ್ಕದಲ್ಲಿ ಆ ಉಕ್ಕಿನ ಹಂಡೆ ಇಲ್ಲದಿದ್ದರೆ.
ಹಂಡೆಯೇ ಅದು, ಬೇರೆ ಹೆಸರು ಬೇಡ.
ಎರಡು ಸಾವಿರ ಟನ್ನು ನೀರು:
ಮೇಲೆ ಕುದಿಯ ಹತ್ತಿರ, ತಳದಲ್ಲಿ ಉಗುರುಬೆಚ್ಚಗೆ,
ಒಂದಕ್ಕೊಂದು ಕಲೆಯದೆ,
ಒಂದೇ ಮನೆಯಲ್ಲಿ ಮಾತು ಬಿಟ್ಟ ವಾರಗಿತ್ತಿಯರಂತೆ.

ಒಳಗೆ ಥೋರ್ಕಿಲ್. ಅರವತ್ತೊಂದು ವರ್ಷ, ಎಡಗಿವಿ ಮಂದ.
ಎಂಜಿನಿನ ಕಡೆಗಿದ್ದ ಕಿವಿ ಅದು, ಇಪ್ಪತ್ತೆಂಟು ಚಳಿಗಾಲ.
ಆಗೆಲ್ಲ ಹಗಲಿರುಳು ಓಡುತ್ತಿತ್ತು ಎಂಜಿನು.
ಈಗ ವರ್ಷಕ್ಕೆ ಹತ್ತಿಪ್ಪತ್ತು ದಿನ,
ಉಳಿದ ದಿನ ಅದಕ್ಕೆ ಸಂಬಳ ಸುಮ್ಮನಿರುವುದಕ್ಕೆ.
'ನನಗೂ' ಎನ್ನುತ್ತಾನೆ, ನಗದೆ.
ತಂಗಿಯ ಗಂಡ ಕ್ರಿಸ್‌ಮಸ್ ಊಟದಲ್ಲಿ ಕೇಳಿದ್ದ:
ಉರಿಯದ ಒಲೆಗೆ ಯಾರಾದರೂ ದುಡ್ಡು ಕೊಡುತ್ತಾರಾ?
ಥೋರ್ಕಿಲ್ ಆಲೂಗಡ್ಡೆಯ ಬಟ್ಟಲನ್ನು ಅವನತ್ತ ಸರಿಸಿದ್ದ.

ಉರಿಯದಿದ್ದರೂ ಅದು ತಣ್ಣಗಿಲ್ಲ.
ಒಡಲೊಳಗೆ ಬಿಸಿನೀರು ಸುತ್ತಿಸಿ ಅರವತ್ತು ಡಿಗ್ರಿಯಲ್ಲಿ ಇಟ್ಟಿದ್ದಾನೆ,
ಕಾವಿಗೆ ಕೂತ ಕೋಳಿಯ ಹಾಗೆ,
ಮುಟ್ಟಿದರೆ ಅಂಗೈಗೆ ಜೀವ ಸಿಗುವ ಹಾಗೆ.

ಕಳೆದ ವಾರದ ಬಿರುಗಾಳಿಯಲ್ಲಿ ಕತೆಯೇ ಬೇರೆ.
ನಡುರಾತ್ರಿ ಕರೆಂಟಿನ ಬೆಲೆ ಸೊನ್ನೆಗಿಳಿದು, ಸೊನ್ನೆಯ ಕೆಳಗೂ ಇಳಿದು,
ಯಾರಿಗೂ ಬೇಡವಾದ ವಿದ್ಯುತ್ತು
ತಂತಿಯುದ್ದಕ್ಕೂ ಕದ ತಟ್ಟುತ್ತ ಬಂದಾಗ
ಹಂಡೆ ಒಳಗೆ ಕರೆದಿತ್ತು:
ಬಾ, ಬಿಸಿಯಾಗಿ ಕೂತಿರು.
ನಿನ್ನೆಯವರೆಗೂ ಊರು ಮಿಂದದ್ದು ಆ ಗಾಳಿಯಲ್ಲೇ.
ಈಗ ಬಿಸಿ ಉಳಿದಿರುವುದು ಮೇಲಿನ ಒಂದು ಮಾರು.

ನಾಲ್ಕಕ್ಕೆ ಕತ್ತಲು. ನಾಲ್ಕೂ ಹತ್ತಕ್ಕೆ
ಪರದೆಯ ಮೇಲೆ ಒಂದು ಸಾಲು ಹಳದಿಯಾಗುತ್ತದೆ:
ಐದಕ್ಕೆ ಬೇಕು. ಮೂರು ಮೆಗಾವ್ಯಾಟು. ರಾತ್ರಿ ಹತ್ತರವರೆಗೆ.
ಕಲಿಯಲು ಬಂದ ಹುಡುಗಿ ಮರೆನ್ ಗುಂಡಿ ಒತ್ತುತ್ತಾಳೆ.
ಎಂಜಿನು ಕೆಮ್ಮುತ್ತದೆ. ನಿಲ್ಲುತ್ತದೆ.
ಇನ್ನೊಮ್ಮೆ. ಕೆಮ್ಮು, ಮೌನ.
ಹುಡುಗಿಯ ಕಿವಿ ಕೆಂಪಾಗುತ್ತದೆ, ತಪ್ಪು ತನ್ನದೇ ಎಂಬಂತೆ.

ಥೋರ್ಕಿಲ್ ಪರದೆ ನೋಡುವುದಿಲ್ಲ.
ಬಳಿಗೆ ಹೋಗಿ ಕಬ್ಬಿಣದ ಬೆನ್ನಿಗೆ ಕಿವಿ ಒತ್ತುತ್ತಾನೆ,
ಮಂದವಾದ ಆ ಎಡಗಿವಿ.
ಮತ್ತೊಮ್ಮೆ ಒತ್ತು, ಅನ್ನುತ್ತಾನೆ.
ಕೆಮ್ಮು.
'ಏಳನೆಯದು.'
ಹನ್ನೊಂದು ನಿಮಿಷ, ಒಂದು ಪಾನ, ಒಂದು ಹೊಸ ಕಿಡಿಬತ್ತಿ,
ಒಂದು ಬೈಗುಳ. ಅದನ್ನು ಮರೆನ್ ಮೊದಲ ಬಾರಿ ಕೇಳಿದ್ದು,
ಮನದಲ್ಲೇ ಬರೆದುಕೊಳ್ಳುತ್ತಾಳೆ.

ಐದಕ್ಕೆ ಎರಡು ನಿಮಿಷ ಇರುವಾಗ ನೆಲ ನಡುಗುತ್ತದೆ.
ನೆರೆಯ ಹಟ್ಟಿಗಳ ಸಗಣಿಯಿಂದ ಹುಟ್ಟಿದ ಅನಿಲ
ಒಂದು ಕೈಯಲ್ಲಿ ಬೆಳಕು, ಇನ್ನೊಂದರಲ್ಲಿ ಬಿಸಿ ಹಿಡಿದು ಹೊರಡುತ್ತದೆ;
ಬೆಳಕು ಎಲ್ಲಿಯವರೆಗೆ ಹೋಯಿತೋ ಗೊತ್ತಿಲ್ಲ,
ಹ್ಯಾಂಬರ್ಗಿನ ಯಾವುದೋ ಲಿಫ್ಟಿನಲ್ಲಿ ಉರಿದಿರಬಹುದು.
ಬಿಸಿ ಮಾತ್ರ ಊರು ದಾಟುವುದಿಲ್ಲ.
ಹೆಪ್ಪುಗಟ್ಟಿದ ಬೀದಿಗಳ ಕೆಳಗೆ ಕೊಳವೆಯಲ್ಲಿ ತೆವಳಿ
ಈಜುಕೊಳಕ್ಕೆ, ಇಗರ್ಜಿಗೆ, ಹೂವಿನಂಗಡಿಯ ಹಿಂದಿನ ಕೋಣೆಗೆ.

ಏಳರ ಹೊತ್ತಿಗೆ ಮೇಪಲ್ ಬೀದಿಯ ಮನೆಯೊಂದರಲ್ಲಿ
ಸಣ್ಣ ಹುಡುಗನೊಬ್ಬ ಬಟ್ಟೆ ಬಿಚ್ಚಿ, ಒಂಟಿಗಾಲಿನಲ್ಲಿ ನಿಂತು,
ಟೈಲ್ಸಿನ ಚಳಿಗೆ ಬೆರಳು ಮಡಿಸಿ ಕೂಗುತ್ತಾನೆ:
ಅಮ್ಮಾ, ನೀರು ಕಾದಿದೆಯಾ?

ಕಾದಿದೆ, ಎನ್ನುತ್ತಾಳೆ ಅವಳು, ಮುಟ್ಟಿಯೂ ನೋಡದೆ.

ಹತ್ತಕ್ಕೆ ಎಂಜಿನು ನಿಂತಿತು.
ಮರೆನ್ ಸೈಕಲ್ಲಿನ ದೀಪ ಹಚ್ಚಿಕೊಂಡು ಹೊರಟಳು, ಆ ಬೈಗುಳವನ್ನು ಗುನುಗುತ್ತ.
ಥೋರ್ಕಿಲ್ ಒಂದು ಗಳಿಗೆ ಅಂಗಳದಲ್ಲಿ ನಿಂತ.
ಗಾಳಿಯಿಲ್ಲ. ಮುಂಜಾನೆ ಬರಬಹುದೆಂದು ಪರದೆ ಹೇಳುತ್ತಿದೆ,
ಬಾರದೆಯೂ ಇರಬಹುದು.
ಒಳಗೆ ಹೋಗಿ ಎಂಜಿನಿನ ಬೆನ್ನ ಮೇಲೆ ಕೈಯಿಟ್ಟ.
ಹೊರಗೆ ಕತ್ತಲಲ್ಲಿ ಹಂಡೆ,
ಕಂಠಮಟ್ಟ ತುಂಬಿ, ಕಾದಿದೆ.